ಮುಟ್ಟಿಟ್ಟ ಅನ್ನ

ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಕುದಾಂಗ್ ಮೂಗು ಮುಚ್ಚಿಕೊಂಡು ಗುಡಿಸಲಿನ ಬಾಗಿಲಿಗೆ ಹಾರಿದ.

"ಥೂ! ಮುಚ್ಚಿ ಮೇಡಂ ಅದನ್ನ. ಹಳಸಿದ ಅನ್ನದಲ್ಲಿ ಅದೇನು ಸಾಕ್ಷಿ ಹುಡುಕ್ತೀರಿ?"

"ನೀನು ಪೊಲೀಸಿಗೆ ಸೇರಿದ್ದು ಸುವಾಸನೆ ತಗೊಳ್ಳೋಕಾ? ಬಾ ಇಲ್ಲಿ."

ಬಂದ. ಬರದೆ ಏನು ಮಾಡುತ್ತಾನೆ? ನಾನು ಕೆಲಸದಿಂದ ನಿವೃತ್ತಳಾಗಿರಬಹುದು, ಆದರೆ ಈ ಹೊಳೆಯುದ್ದಕ್ಕೂ ಇರುವ ಪ್ರತಿಯೊಬ್ಬ ಪೇದೆಗೂ ಸೆಂದಿ ಮೇಡಂ ಎಂದರೆ ಇನ್ನೂ ಹೆದರಿಕೆ.

ಅನ್ನದ ಮೇಲೆ ಹತ್ತಿಯಂಥ ಬೂಸಲು ಬೆಳೆದಿತ್ತು. ಯಾರೂ ಒಂದು ತುತ್ತನ್ನೂ ತೆಗೆದಿರಲಿಲ್ಲ. ಆದರೆ ನಟ್ಟನಡುವೆ ಒಂದು ಗುಳಿ. ಬೆರಳ ತುದಿಯಷ್ಟೇ ಅಗಲ. ಗುಳಿಯ ಸುತ್ತ ಕೆಂಪು ಹತ್ತಿತ್ತು, ಆ ಕೆಂಪು ತಾಗಿದ ಕಡೆ ಮಾತ್ರ ಬೂಸಲು ಬಂದಿರಲಿಲ್ಲ.

"ಬೆರಳು" ಎಂದ ಕುದಾಂಗ್. ಮರುಕ್ಷಣ ಅವನ ಕೈ ತನ್ನ ಗಂಟಲಿಗೆ ಹೋಯಿತು. ಅವನೂ ನಮ್ಮ ಇಬಾನ್ ಕುಲದ ಹುಡುಗನೇ, ಕೆಳಹೊಳೆಯವನು. "ಯಾರೋ ಪುನಿಗೆ ಹೆದರಿ ಮುಟ್ಟಿ ಹೋಗಿದಾರೆ ಮೇಡಂ."

ಹೌದು. ಕರೆದು ಕೊಟ್ಟ ಊಟ ಬೇಡವೆಂದರೆ ನಾವು ಬೆರಳ ತುದಿಯಿಂದಾದರೂ ಅದನ್ನು ಮುಟ್ಟಿ ಗಂಟಲಿಗೆ ತಾಗಿಸಿಕೊಳ್ಳುತ್ತೇವೆ. ಮುಟ್ಟದೆ ಹೊರಟವನಿಗೆ ಪುನಿ ಹತ್ತುತ್ತದೆ. ದಾರಿಯಲ್ಲಿ ಹಾವೋ ಮೊಸಳೆಯೋ ಕಾದಿರುತ್ತದೆ. ಕದಿಯಲು ಹೊರಟವನೂ ಇದೊಂದನ್ನು ಮರೆಯುವುದಿಲ್ಲ.

ಅಂದರೆ ಇಲ್ಲಿಗೆ ಬಂದವನು ನಮ್ಮವನೇ. ಅವನನ್ನು ಯಾರೋ ಊಟಕ್ಕೆ ಕರೆದಿದ್ದಾರೆ. ಅವನು ಅವಸರದಲ್ಲಿ ಮುಟ್ಟಿ ಹೋಗಿದ್ದಾನೆ.

ಅಲ್ಲೇ ಸುಳ್ಳು ಸಿಕ್ಕಿತು. ಯಾಕೆಂದರೆ ನಮ್ಮ ಹಿರಿಯಜ್ಜ ಅಕಿ ನ್ಯಾರಿಂಗ್ ಅವರನ್ನು ಹೂತು ಬಂದ ಮೇಲೆ, ಸೂತಕ ಮುಗಿಯುವ ತನಕ ಒಬ್ಬರೂ ಈ ಗುಡ್ಡ ಹತ್ತಿಲ್ಲ ಎಂದು ಇಡೀ ಊರೇ ಒಂದು ಸೂರಿನಡಿ ಇರುವ ನಮ್ಮ ಉದ್ದಮನೆಯ ಪ್ರತಿಯೊಂದು ಕೋಣೆಯವರೂ ಪೊಲೀಸರ ಮುಂದೆ ಆಣೆ ಮಾಡಿದ್ದರು.

ಟಿಂಗ್ ಸಿಯೂ ಮೇ ಈ ಗುಡಿಸಲಿನಿಂದಲೇ ಕಾಣೆಯಾಗಿ ನಾಲ್ಕು ದಿನವಾಗಿತ್ತು. ಸಿಬು ಪೇಟೆಯ ಹುಡುಗಿ. ನಮ್ಮ ಹಿರಿಯರು ಕಾಯ್ದುಕೊಂಡು ಬಂದ ಕಾಡಿನ ನಕ್ಷೆ ಬರೆಯಲು ಕಾಲೇಜಿನಿಂದ ಇಂಟರ್ನ್‌ಶಿಪ್‌ಗೆ ಬಂದವಳು. ಪ್ರತಿ ದುರಿಯಾನ್ ಹಣ್ಣಿನ ಮರ, ಪ್ರತಿ ಹಳೆಯ ಮನೆಜಾಗ, ಪ್ರತಿ ಗೋರಿ ಅವಳ ನಕ್ಷೆಯಲ್ಲಿ ಬರಬೇಕು. ಬಂದು ಸರ್ಕಾರದ ಮುದ್ರೆ ಬಿದ್ದರೆ ಆ ಕಾಡು ಕಾದಿಟ್ಟ ಕಾಡು, ಎಣ್ಣೆತಾಳೆ ಕಂಪನಿಯವರು ಕಾಲಿಡುವಂತಿಲ್ಲ. ಅವಳ ಜೊತೆಯ ಹುಡುಗ ಜ್ವರವೆಂದು ಊರಿಗೆ ಹೋಗಿದ್ದ. ಇವಳು ಒಬ್ಬಳೇ ಉಳಿದಿದ್ದಳು.

ಪೇಟೆಯ ಪೊಲೀಸರು ಬಂದು ನೋಡಿದಾಗ ಅವಳ ಬೂಟು, ಜಾಗ ಗುರುತು ಹಾಕುವ ಯಂತ್ರ ಎರಡೂ ಗುಡಿಸಲಲ್ಲೇ ಇದ್ದವು. ಸ್ನಾನಕ್ಕೆಂದು ಹೊಳೆಗೆ ಇಳಿದಳು, ಕೊಚ್ಚಿಹೋದಳು ಎಂದರು. ಈಗಲೂ ಹೊಳೆಯನ್ನೇ ಜಾಲಾಡುತ್ತಿದ್ದಾರೆ.

"ಈ ಕೆಂಪು ಅವಳದ್ದಿರಬಹುದಲ್ಲ? ಮರಕ್ಕೆಲ್ಲ ಬಣ್ಣ ಬಳೀತಿದ್ಲಂತೆ" ಎಂದ ಕುದಾಂಗ್.

"ಅವಳು ಬಳಿದಿದ್ದು ಹಳದಿ. ಕೆಂಪು ಕಂಪನಿಯವರದ್ದು. ಬರುವಾಗ ಆ ದೊಡ್ಡ ದುರಿಯಾನ್ ನೋಡ್ಲಿಲ್ವಾ? ಹಳದಿ ಕೆತ್ತಿ ಹಾಕಿ ಅದರ ಮೇಲೆ ಕೆಂಪು ಬಳಿದಿದಾರೆ. ಯಾರೋ ಕಾಡಿನ ಗಡಿಗೆರೆ ಸರಿಸ್ತಾ ಬಂದಿದಾನೆ."

ಅವನು ಯಂತ್ರವನ್ನು ಒತ್ತಿ ನೋಡಿದ. ಪರದೆಯ ಮೇಲೆ ಚುಕ್ಕೆಗಳು ಮೂಡಿದವು. ಹಳೆಯ ಮನೆಜಾಗ, ಅದರ ಬಾವಿ, ಅದರಾಚೆ ಮಕ್ಕಳ ಗೋರಿ. ನನಗೂ ಗೊತ್ತಿಲ್ಲದ ಜಾಗಗಳು. ಅಕಿ ನ್ಯಾರಿಂಗ್ ಬದುಕಿದ್ದಾಗ ಅವನ್ನು ತೋರಿಸುತ್ತೇನೆಂದು ಹುಡುಗಿಗೆ ಮಾತು ಕೊಟ್ಟಿದ್ದರು. ಅರ್ಧ ತೋರಿಸುವಷ್ಟರಲ್ಲಿ ಹೋಗಿಬಿಟ್ಟರು.

"ಮೇಡಂ, ಈ ಚುಕ್ಕೆಗಳೆಲ್ಲ ಅಕಿನ ಹೂತ ಮೇಲೆ ಹಾಕಿದ್ದು. ತಾರೀಖು ನೋಡಿ." ಅವನ ದನಿ ಇಳಿಯಿತು. "ಅವರಿಲ್ದೆ ಇವಳಿಗೆ ಇದನ್ನೆಲ್ಲ ತೋರಿಸಿದ್ದು ಯಾರು?"

ಆ ಕೂಗು ಕೇಳಿಸಿದ್ದು ಆಗಲೇ.

ದಿಬ್ಬದ ಆಚೆಯಿಂದ. ಸಣ್ಣ, ಎಳೆದ ಕೂಗು. ಮಾತು ತಿಳಿಯಲಿಲ್ಲ. ಮೂರು ನಾಲ್ಕು ದಿನದಿಂದ ಗುಡ್ಡದ ಗಾಳಿ ಇಳಿಯುವ ಸಂಜೆ ಹೊತ್ತಿಗೆ ಅದು ಮನೆಯವರೆಗೂ ಬರುತ್ತಿತ್ತು. ಹಗಲಲ್ಲಿ ಕೇಳಿದ್ದು ಇದೇ ಮೊದಲು.

"ಯಾರೋ ಕೂಗಿದ ಹಾಗಾಯ್ತು" ಎಂದು ಕುದಾಂಗ್ ಬಾಯಿ ತೆರೆದ.

"ಓಗೊಡಬೇಡ!"

ಸೂತಕದಲ್ಲಿ ಕಾಡಿನಿಂದ ಬಂದ ಕರೆಗೆ ಓಗೊಟ್ಟವನ ಉಸಿರು ಕರೆದವನ ಜೊತೆ ಹೋಗುತ್ತದೆ ಎನ್ನುತ್ತಾರೆ. ಮೂವತ್ತು ವರ್ಷ ಸಮವಸ್ತ್ರ ಹಾಕಿದವಳು ನಾನು. ಎಷ್ಟೋ ಹೆಣಗಳ ಪಕ್ಕ ಕೂತು ಚಹಾ ಕುಡಿದಿದ್ದೇನೆ. ಆದರೂ ಬೆನ್ನು ತಣ್ಣಗಾಯಿತು. ಅನ್ನದ ಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡು, ಆ ಹುಡುಗನನ್ನು ಮುಂದೆ ನೂಕಿಕೊಂಡು ದೋಣಿಗೆ ಇಳಿದೆ.

* * *

ಉದ್ದಮನೆಯ ಜಗಲಿಯಲ್ಲಿ ಸಿಯೂ ಮೇಯ ತಾಯಿ ಕೂತಿದ್ದರು. ಮಧ್ಯಾಹ್ನದ ದೋಣಿಯಲ್ಲಿ ಬಂದವರು. ಮಡಿಲಲ್ಲಿ ಒಂದು ಚೀಲ ತುಂಬ ಕೊಂಪಿಯಾ, ಸಿಬುವಿನ ಸಂತೆಯಲ್ಲಿ ಅವರೇ ಸುಟ್ಟು ಮಾರುವ ಎಳ್ಳು ರೊಟ್ಟಿ.

ಸೂತಕದ ಮನೆಯಲ್ಲಿ ರೇಡಿಯೋ ಇಲ್ಲ, ನಗು ಇಲ್ಲ, ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಆ ತಾಯಿಗೆ ಅದು ಗೊತ್ತಿಲ್ಲ. ಎಲ್ಲರೂ ಪಿಸುಗುಟ್ಟುವುದು ತನ್ನ ಮಗಳ ಸುದ್ದಿ ಮುಚ್ಚಿಡಲಿಕ್ಕೇ ಎಂದುಕೊಂಡಿದ್ದರು ಪಾಪ.

"ಅಕ್ಕಾ, ಅವರು ನೀರಲ್ಲಿ ಯಾಕೆ ಹುಡುಕ್ತಿದಾರೆ?" ಎಂದು ನನ್ನ ಕೈ ಹಿಡಿದರು. "ನನ್ನ ಮಗಳಿಗೆ ನೀರಂದ್ರೆ ಭಯ. ಬಕೆಟ್ಟು ಚೊಂಬು ಇಲ್ದೆ ಸ್ನಾನ ಮಾಡೋಳಲ್ಲ ಅವಳು. ಹೊಳೆಗೆ ಇಳಿಯೋ ಹುಡುಗಿ ಅಲ್ಲ."

"ಗೊತ್ತು ತಂಗಿ. ಒಂದು ಕೆಲಸ ಮಾಡ್ತೀಯಾ? ಆ ರೊಟ್ಟೀನ ಇಲ್ಲಿರೋ ಗಂಡಸರಿಗೆಲ್ಲ ಕೊಡು. ಒಬ್ಬರನ್ನೂ ಬಿಡಬೇಡ."

"ಅವಳಿಗೆ ಅಂತ ತಂದಿದ್ದು."

"ಅವಳಿಗೋಸ್ಕರಾನೇ ಕೊಡು."

ಅವರು ಎದ್ದರು. ಜಗಲಿಯ ಈ ತುದಿಯಿಂದ ಆ ತುದಿಗೆ ಚೀಲ ಹಿಡಿದು ನಡೆದರು. ಮಗಳನ್ನು ಕಳೆದುಕೊಂಡ ಹೆಂಗಸು ತಿನ್ನಲು ಕೊಟ್ಟರೆ ಯಾರ ಗಂಟಲಲ್ಲಿ ಇಳಿದೀತು? ಒಬ್ಬೊಬ್ಬರೂ ತಲೆ ತಗ್ಗಿಸಿ, ರೊಟ್ಟಿಗೆ ಬೆರಳು ಸೋಕಿಸಿ, ಗಂಟಲು ಮುಟ್ಟಿಕೊಂಡರು. ನಾನು ಬೆರಳುಗಳನ್ನೇ ನೋಡುತ್ತಾ ಕೂತೆ.

ಕೊನೆಯಲ್ಲಿ ಬೀಸುಬಲೆ ಹೊಲಿಯುತ್ತಿದ್ದವನು ಎಂತಲಾಯ್. ನನ್ನ ಸ್ವಂತ ಅಣ್ಣನ ಮಗ. ಬಲಗೈಗೆ ಬಟ್ಟೆ ಸುತ್ತಿದ್ದ. ರೊಟ್ಟಿ ಮುಂದೆ ಬಂದಾಗ ಒಂದು ಕ್ಷಣ ತಡೆದ. ಆಮೇಲೆ ಎಡಗೈ ಚಾಚಿ ಮುಟ್ಟಿದ.

ಅಕ್ಕಪಕ್ಕದವರು ಬಲೆ ಬಿಟ್ಟು ನೋಡಿದರು. ಊಟವನ್ನು ಎಡಗೈಯಲ್ಲಿ ಮುಟ್ಟುವುದೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲನ್ನು ಬಚ್ಚಿಟ್ಟುಕೊಳ್ಳಲು ಹೋಗಿ ಸಿಕ್ಕಿಬಿದ್ದ.

"ಗಾಯ ಆಗಿದೆ ಇಬು" ಎಂದ, ನಾನು ಕೇಳುವ ಮೊದಲೇ. ಅತ್ತೆಯಾಗಲಿ ಚಿಕ್ಕಮ್ಮನಾಗಲಿ ನಮ್ಮಲ್ಲಿ ಎಲ್ಲರೂ ಇಬುವೇ.

"ಔಷಧಿ ಹಾಕ್ತೀನಿ. ಬಾ ಹೊಳೆ ಮೆಟ್ಟಿಲಿಗೆ."

ಕುದಾಂಗ್ ಹಿಂದೆಯೇ ಬಂದು ದಾರಿಗೆ ಅಡ್ಡ ನಿಂತ. ಎಂತಲಾಯ್ ಬಟ್ಟೆ ಬಿಚ್ಚಿದ. ಗಾಯವೇನೂ ಇರಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿ ತಿಕ್ಕಿ ತೋರುಬೆರಳ ಚರ್ಮ ಸುಲಿದಿತ್ತು. ಉಗುರಿನ ಸಂದಿಯಲ್ಲಿ ಕೆಂಪು ಹಾಗೇ ಉಳಿದಿತ್ತು.

"ಯಾವಾಗಿಂದ ಕಂಪನಿ ಚಾಕರಿ?"

"ಇಬು..."

"ನಿನ್ನನ್ನ ಎತ್ತಿ ಆಡಿಸಿದವಳು ನಾನು. ಸುಳ್ಳು ಹೇಳಿದ್ರೆ ಈ ಹೊಳೇಲೇ ಅದ್ದಿ ತೆಗೀತೀನಿ."

"ದುರಿಯಾನ್ ತೋಪು ಗೆರೆಯಿಂದ ಹೊರಗೆ ಬಂದ್ರೆ ಸಾಕು ಅಂದ್ರು. ಲಾರಿ ಓಡಿಸೋ ಕೆಲಸ ಕೊಡ್ತೀವಿ ಅಂದ್ರು." ತಲೆ ಎತ್ತಲಿಲ್ಲ. "ಸೂತಕದಲ್ಲಿ ಯಾರೂ ಗುಡ್ಡಕ್ಕೆ ಬರಲ್ಲ ಅಂತ ಹೋದೆ."

"ಅಕಿ ನೆಟ್ಟ ಮರಗಳು ಅವು."

"ಗೊತ್ತು. ಅದಕ್ಕೇ ಬಂದ್ರು."

"ಯಾರು?"

"ಅಕಿ."

ಹೊಳೆಯ ಮೇಲಿಂದ ಬಂದ ಗಾಳಿಗೆ ಅವನ ಮೈ ನಡುಗಿತು. ನನಗೆ ಸಿಟ್ಟು ನೆತ್ತಿಗೇರಿತು. ಕೈ ಎತ್ತಿದವಳು ಅವನ ಮುಖ ನೋಡಿ ಇಳಿಸಿದೆ. ಅವನು ನಾಟಕವಾಡುತ್ತಿರಲಿಲ್ಲ. ನಾಲ್ಕೇ ದಿನದಲ್ಲಿ ಅವನ ಕೆನ್ನೆಗಳು ಗುಳಿಬಿದ್ದಿದ್ದವು.

"ಗುಡಿಸಲಿನ ಬಾಗಿಲಲ್ಲಿ ನಿಂತಿದ್ರು ಇಬು. ಅದೇ ಚೌಕಳಿ ಅಂಗಿ. ಅದೇ ಓಲೆ ಟೋಪಿ, ಮುಖ ಮುಚ್ಚೋ ಹಾಗೆ. ಕೈಯಲ್ಲಿ ಅನ್ನದ ಪಾತ್ರೆ. 'ಉಲಾಟ್, ಬಾ, ಊಟ ಮಾಡು' ಅಂದ್ರು."

"ಉಲಾಟ್? ಹುಳ? ಯಾರದು?"

"ನಾನೇ. ಚಿಕ್ಕವನಿದ್ದಾಗ ಜ್ವರ ಬಂದು ಸಾಯೋ ಹಾಗಿದ್ನಲ್ಲ, ಆಗ ಅಕಿ, ಇನಿ ಇಬ್ಬರೂ ನನ್ನನ್ನ ತಮ್ಮ ಕೋಣೆಗೆ ಒಯ್ದು ಆ ಹೆಸರಿಟ್ರು. ದೆವ್ವಕ್ಕೆ ನನ್ನ ಕಂಡ್ರೆ ಅಸಹ್ಯ ಆಗ್ಲಿ ಅಂತ. ನಾವು ಮೂವರೇ ಇದ್ದಾಗ ಬಿಟ್ರೆ ಯಾರ ಮುಂದೆನೂ ಹಾಗೆ ಕರೀತಿರ್ಲಿಲ್ಲ. ನನ್ನ ಅಪ್ಪಂಗೂ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ.

"ಸತ್ತವರು ಬಡಿಸಿದ್ದನ್ನ ತಿಂದ್ರೆ ಅವರ ಜೊತೆ ಹೋಗಬೇಕು. ಬೇಡ ಅಂದ್ರೆ ಪುನಿ. ಏನು ಮಾಡ್ಲಿ? ಮುಟ್ಟಿ ಓಡಿದೆ."

"ಹುಡುಗಿ ಎಲ್ಲಿದ್ಲು?"

"ಹುಡುಗೀನ ನಾನು ನೋಡಲೇ ಇಲ್ಲ, ಆಣೆ. ಅವತ್ತಿಂದ ಸಂಜೆ ಸಂಜೆ ಕೂಗು ಬರತ್ತಲ್ಲ, ನಿಮಗೆಲ್ಲ ಅದು ಬರೀ ಕೂಗು. ನನಗೆ ಹೆಸರು ಕೇಳಿಸತ್ತೆ ಇಬು. ಉಲಾಟ್, ಉಲಾಟ್ ಅಂತ. ನಾನು ಹೋಗೋ ತನಕ ಅವರು ಬಿಡಲ್ಲ."

ಅವನನ್ನು ಕುದಾಂಗ್‌ಗೆ ಒಪ್ಪಿಸಿ ಮೆಟ್ಟಿಲು ಹತ್ತಿದೆ. ಆ ಹೆಸರು ತಿಳಿದವರು ಮೂವರು. ಒಬ್ಬ ಇಲ್ಲಿ ನಡುಗುತ್ತಿದ್ದಾನೆ. ಒಬ್ಬರು ಮಣ್ಣಿನಲ್ಲಿದ್ದಾರೆ. ಇನ್ನೊಬ್ಬರು, ಸೂತಕ ಕಳೆಯುವ ತನಕ ತಮ್ಮ ಕೋಣೆಯ ಹೊಸ್ತಿಲು ದಾಟಬಾರದ ವಿಧವೆ.

* * *

ಅಕಿಯ ಹೆಂಡತಿ ಇನಿ ಬುನ್ಸು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಕಿಟಕಿ ಮುಚ್ಚಿತ್ತು. ದಿನವೂ ಅವರಿಗೆ ಅನ್ನ ತಂದಿಡುವವಳು ನಾನೇ. ಇಡುವಾಗ ಮಾತಾಡುವಂತಿಲ್ಲ. ಹೊರಗಿನ ಸುದ್ದಿಯಂತೂ ಆ ಕೋಣೆಯೊಳಗೆ ಹೋಗಲೇಬಾರದು. ಎಷ್ಟು ದಿನ ತಂದಿಟ್ಟೆ, ಒಂದು ಸಲವೂ ಅವರ ಕಾಲು ನೋಡಲಿಲ್ಲ. ನಾನೂ ಒಬ್ಬಳು ಪತ್ತೇದಾರಿಣಿ!

ಈಗ ಬಗ್ಗಿ ನೋಡಿದೆ. ಹಿಮ್ಮಡಿಯ ಸುತ್ತ, ಬೆರಳ ಸಂದಿಯಲ್ಲಿ, ಕಪ್ಪುಗಟ್ಟಿದ ಸಣ್ಣ ಸಣ್ಣ ಗಾಯಗಳು.

"ಇನಿ, ಕೋಣೆಯೊಳಗೆ ಕಾಡಿನ ಜಿಗಣೆ ಬರತ್ತಾ?"

ಅವರ ಬೆನ್ನು ಅಲುಗಿತು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಗಂಡನ ಹೆಣದ ಪಕ್ಕ ಕೂತು ರಾತ್ರಿಯಿಡೀ ಹಾಡಿ ಅತ್ತಿದ್ದರಿಂದ ದನಿ ಇನ್ನೂ ಒಡೆದೇ ಇತ್ತು. ಕತ್ತಲಲ್ಲಿ ಕೇಳಿದರೆ ಗಂಡಸಿನ ದನಿ.

"ಹೋಗಿದ್ದೆ ಕಣೆ. ಬೇಕಾದ್ರೆ ದಂಡ ಹಾಕಿಸು. ಅವನು ಆ ಮಗೂಗೆ ಮಾತು ಕೊಟ್ಟಿದ್ದ, ಎಲ್ಲ ಜಾಗ ತೋರಿಸ್ತೀನಿ ಅಂತ. ಅರ್ಧಕ್ಕೆ ಬಿಟ್ಟು ಹೋದ. ನನ್ನ ಎರಡು ಕೂಸು ಆ ಗುಡ್ಡದಲ್ಲೇ ಮಲಗಿದಾವೆ. ನಕ್ಷೇಲಿ ಬರದಿದ್ರೆ ಬುಲ್ಡೋಜರಿಗೆ ಗೊತ್ತಾಗತ್ತಾ ಅಲ್ಲಿ ಕೂಸು ಇದಾವೆ ಅಂತ?"

ಆದರೂ ಕೇಳಬೇಕಿತ್ತು. "ಅಕಿಯ ಚೌಕಳಿ ಅಂಗಿ ಎಲ್ಲಿ?"

"ಅವಳಿಗೆ ಹಾಕಿದ್ದೆ. ಮಳೇಲಿ ನೆನೆದು ಗಡಗಡ ನಡುಗ್ತಿದ್ಲು. ಟೋಪೀನೂ ಕೊಟ್ಟೆ. ಅವನ ಜೊತೆ ಮಣ್ಣಿಗೆ ಹಾಕಿದ್ದು ಹೊಸ ಅಂಗಿ, ಹೊಸ ಟೋಪಿ. ಹಳೇದು ನನ್ನ ಹತ್ರಾನೇ ಇತ್ತು."

ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂತಿತು. ಎದೆಯ ಭಾರ ಇಳಿಯಲಿಲ್ಲ, ಹೆಚ್ಚಾಯಿತು.

"ಎಂತಲಾಯ್‌ನ ಕರೆದಿದ್ದು ನೀವು."

"ಹೂಂ. ನಾನು ಒಳಗೆ ಒಲೆ ಮುಂದೆ ಹೊಗೇಲಿದ್ದೆ. ಬಣ್ಣದ ಡಬ್ಬ ಹಿಡ್ಕೊಂಡು ಹೋಗ್ತಿದ್ದ ಮೂರ್ಖ. ಬೈಯೋಣ ಅನ್ಕೊಂಡೆ, ಬಾಯಿಗೆ ಬಂದಿದ್ದು 'ಬಾ, ಊಟ ಮಾಡು' ಅಂತ. ಸಾಕಿದ ಮಗು ಅಲ್ವಾ. ಅವಳು ಪಾತ್ರೆ ಹಿಡಿದು ಬಾಗಿಲಿಗೆ ಹೋದ್ಲು. ಅವನು ಅನ್ನ ಮುಟ್ಟಿದವನೇ ಎದ್ದೆನೋ ಬಿದ್ದೆನೋ ಅಂತ ಓಡಿದ."

"ಅವಳು?"

"ಮೊದಲು ನಕ್ಕಳು. ಇನಿ, ನನ್ನನ್ನ ದೆವ್ವ ಅನ್ಕೊಂಡ ಅಂತ. ಆಮೇಲೆ ಪಾಪ ಅನ್ನಿಸ್ತು ಅವಳಿಗೆ. ಹೇಳಿ ಬರ್ತೀನಿ ಅಂತ ಬರಿಗಾಲಲ್ಲೇ ಹಿಂದೆ ಓಡಿದ್ಲು. ಅವನ ಹೆಸರು ಕೇಳಿದ್ದು ನನ್ನ ಬಾಯಲ್ಲಿ ತಾನೇ? ಅದನ್ನೇ ಕೂಗ್ತಾ ಓಡಿದ್ಲು, ಉಲಾಟ್, ಉಲಾಟ್ ಅಂತ. ನಮ್ಮ ಹುಡುಗನ ಜೊತೆ ಇಳಿದು ಹೋಗಿರ್ತಾಳೆ ಅಂತ ನಾನು ಹಳೇ ದಾರೀಲಿ ಮನೆಗೆ ಬಂದೆ." ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ಯಾಕೆ? ಅವಳು ಊರಿಗೆ ಹೋಗಿ ಸೇರ್ಲಿಲ್ವಾ?"

ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದಿತ್ತಲ್ಲ.

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಅವರ ದನಿ ಬಂತು.

"ಸೆಂದಿ, ಸಂಜೆ ಹೊತ್ತು ಅವನು ಉಲಾಟ್‌ನ ಕರೀತಾನಲ್ಲ ಗುಡ್ಡದಿಂದ. ನನ್ನ ಒಂದು ಸಲನಾದ್ರೂ ಕರೀಬಾರ್ದಾ?"

* * *

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಎಂತಲಾಯ್ ಹಾಗೇ ಕೂತಿದ್ದ.

"ನೀನು ಯಾವ ದಾರೀಲಿ ಓಡಿದೆ?"

"ಕೊರಕಲಿನ ದಾರಿ."

ದಿಬ್ಬದಾಚೆಯ ಆಳ ಕೊರಕಲು. ಅದನ್ನು ದಾಟಲು ಇದ್ದದ್ದು ಒಂದೇ ಮರದ ದಿಮ್ಮಿ. ನಾನು ಮತ್ತು ಕುದಾಂಗ್ ದೋಣಿಯಲ್ಲಿ ಹೋಗಿ ಬಂದಿದ್ದರಿಂದ ಆ ಕಡೆ ಕಾಲೇ ಇಟ್ಟಿರಲಿಲ್ಲ.

"ಅಕಿ ಹಿಂದೆ ಬಂದ್ರಾ?"

ಅವನು ಹೌದೆಂದು ತಲೆ ಆಡಿಸಿದ.

"ಕೂಗ್ತಾ ಬಂದ್ರು. ಹೂತು ಬರುವಾಗ ನಾವು ದಾರಿಗೆ ಮುಳ್ಳು ಅಡ್ಡ ಹಾಕಿ ಬರಲ್ವಾ ಇಬು, ಸತ್ತವರು ಹಿಂದೆ ಬರದ ಹಾಗೆ? ಹಾಗೇ ಮಾಡಿದೆ. ನಾನು ದಾಟಿದ ಮೇಲೆ ದಿಮ್ಮೀನ ಒದ್ದುಬಿಟ್ಟೆ."

"ಆಗ ಅವರೆಲ್ಲಿದ್ರು?"

"ದಿಮ್ಮಿ ಮೇಲೆ."

ಕುದಾಂಗ್ ಮುಖ ಬಿಳಿಚಿಕೊಂಡಿತು. ಎಂತಲಾಯ್ ನನ್ನ ಅಂಗಿಯ ಅಂಚು ಹಿಡಿದುಕೊಂಡ, ಜ್ವರ ಬಂದ ಮಗು ಹಿಡಿದ ಹಾಗೆ.

"ಯಾರನ್ನೂ ಕೇಳೋಕಾಗದೆ ಸಾಯ್ತಿದೀನಿ. ನೀವು ಹೇಳಿ ಇಬು. ಸತ್ತವರು ಬಿದ್ರೆ ಸದ್ದಾಗತ್ತಾ?"

ಇವತ್ತು ಬೆಳಿಗ್ಗೆ ದಿಬ್ಬದಾಚೆಯಿಂದ ಬಂದ ಕೂಗು ನನ್ನ ತಲೆಯೊಳಗೆ ತಿರುಗುತ್ತಿತ್ತು. ಕೊರಕಲಿನಲ್ಲಿದ್ದ ಆ ಹುಡುಗಿಗೆ, ದಾಟಿ ಹೋದವನದ್ದು ಎಂದು ಗೊತ್ತಿದ್ದದ್ದು ಅದೊಂದೇ ಹೆಸರು. ನಾಲ್ಕು ದಿನದಿಂದ ಅದೊಂದನ್ನೇ ಕೂಗಿದ್ದಾಳೆ. ಇವತ್ತು ನಾವು ಅಷ್ಟು ಹತ್ತಿರ ಹೋಗಿದ್ದೆವು. ಬಾಯಿ ತೆರೆದ ಹುಡುಗನನ್ನು ಗದರಿಸಿ ಸುಮ್ಮನಾಗಿಸಿದವಳು ನಾನೇ.

"ಹಗ್ಗ ತಗೊಳ್ಳೋ ಕುದಾಂಗ್! ಮನೇಲಿರೋ ಹಗ್ಗ ಎಲ್ಲಾ ತಗೋ! ಗಂಡಸರನ್ನ ಎಬ್ಬಿಸು!"

ಸೂತಕದ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಕೂಗಿರಲಿಲ್ಲ. ಓಡಿ ಜಗಲಿ ಹತ್ತಿದೆ. ಯಾರೂ ಅಲುಗಲಿಲ್ಲ. ಯಾಕೆಂದರೆ ಅದು ಗಾಳಿ ಇಳಿಯುವ ಹೊತ್ತಾಗಿತ್ತು. ಗಂಡಸರು ಬಲೆ ಕೆಳಗಿಟ್ಟು ಅಂಗೈಯಿಂದ ಕಿವಿ ಒತ್ತಿಕೊಂಡಿದ್ದರು. ಹೆಂಗಸರು ಮಕ್ಕಳ ತಲೆಯನ್ನು ಮಡಿಲಿಗೆಳೆದುಕೊಂಡು ಅವುಗಳ ಕಿವಿ ಮುಚ್ಚಿದ್ದರು. ಇಡೀ ಮನೆ, ಈ ತುದಿಯಿಂದ ಆ ತುದಿಯವರೆಗೆ, ಬಾರದಿರಲಿ ಎಂದು ಬೇಡುತ್ತಾ ಕೂತಿತ್ತು.

ಆ ವಾರದಲ್ಲಿ ಮೊದಲ ಸಲ ನಾನು ಕಿವಿ ತೆರೆದು ನಿಂತೆ. ಬರಲಿ, ಒಂದೇ ಒಂದು ಸಲ ಬರಲಿ ಎಂದು ನಾನೂ ಬೇಡಿದೆ.

ಗುಡ್ಡದಿಂದ ಗಾಳಿ ಇಳಿಯಿತು. ಎಲೆಗಳು ಅಲುಗಿದವು. ಹೊಳೆ ಹರಿಯುವ ಸದ್ದು ಬಂತು.

ಕೂಗು ಬರಲಿಲ್ಲ.

ಪಕ್ಕದಲ್ಲಿ ಯಾರೋ ನನ್ನ ತೋಳು ಮುಟ್ಟಿದರು. ಸಿಯೂ ಮೇಯ ತಾಯಿ. ಎಲ್ಲರೂ ಮುಟ್ಟಿ ಬಿಟ್ಟ ರೊಟ್ಟಿಯ ಚೀಲ ಇನ್ನೂ ಅವರ ಕೈಯಲ್ಲೇ ಇತ್ತು.

"ಅಕ್ಕಾ," ಎಂದು ಮೆಲ್ಲಗೆ ಕೇಳಿದರು, "ಇವರೆಲ್ಲ ಯಾಕೆ ಕಿವಿ ಮುಚ್ಕೊಂಡಿದಾರೆ?"